ದ್ರಾಕ್ಷಿ ಬೀಜಕ್ಕೆ ಚಳಿ: ಟಿಶ್ಯೂನೋ, ಮರಳೋ, ಜಿಎ ಪುಡಿಯೋ?

ದ್ರಾಕ್ಷಿ ಬೀಜವನ್ನು ಹಣ್ಣಿನಿಂದ ತೆಗೆದು ಹಾಗೇ ಮಣ್ಣಿಗೆ ಹಾಕಿದರೆ ಹೆಚ್ಚಿನವು ಏಳುವುದೇ ಇಲ್ಲ. ಬೀಜ ಸತ್ತಿರುವುದಿಲ್ಲ, ಮಲಗಿರುತ್ತದೆ ಅಷ್ಟೇ. ಒಳಗಿನ ಅಬ್ಸಿಸಿಕ್ ಆಮ್ಲ ಮೊಳಕೆಯನ್ನು ತಡೆದಿರುತ್ತದೆ. ತೇವ, ಚಳಿ ಎರಡೂ ಒಟ್ಟಿಗೆ ಸಿಕ್ಕರೆ ಆ ತಡೆ ಸಡಿಲವಾಗಿ, ಮೊಳಕೆ ಬರಿಸುವ ಜಿಬ್ಬರೆಲಿನ್ ಕೆಲಸ ಶುರು ಮಾಡುತ್ತದೆ.

ಒಂದೇ ಬಳ್ಳಿಯ ಬೀಜಗಳನ್ನು ಪಾಲು ಮಾಡಿ ಬೇರೆ ಬೇರೆ ವಿಧಾನ ಮಾಡಿ ನೋಡಿದೆ. ತಯಾರಿ ಮಾತ್ರ ಎಲ್ಲಕ್ಕೂ ಒಂದೇ. ತಿರುಳು ಹೋಗುವಂತೆ ಉಜ್ಜಿ ತೊಳೆದು, ನೀರಿಗೆ ಹಾಕಿ, ತೇಲಿದ್ದನ್ನು ತೆಗೆದುಬಿಟ್ಟೆ. ತೇಲುವವು ಬಹುತೇಕ ಜೊಳ್ಳು.

ಒಣ ಬೀಜವನ್ನು ಕಾಗದದ ಪೊಟ್ಟಣದಲ್ಲಿಟ್ಟು ಫ್ರಿಡ್ಜ್‌ಗೆ ಹಾಕುವವರು ಜಾಸ್ತಿ. ಅದರಿಂದ ಬೀಜ ಕೆಡದೆ ಉಳಿಯುತ್ತದೆ, ನಿದ್ದೆ ಬಿಡುವುದಿಲ್ಲ. ನೀರು ಕುಡಿದು ಉಬ್ಬಿದ ಬೀಜಕ್ಕೆ ಮಾತ್ರ ಚಳಿಯ ಪರಿಣಾಮ ಆಗುವುದು. ಹಾಗಂತ ನೆನೆದ ಬೀಜವನ್ನು ಫ್ರೀಜರ್‌ಗೆ ಹಾಕಬೇಡಿ, ಒಳಗಿನ ನೀರು ಹೆಪ್ಪುಗಟ್ಟಿ ಭ್ರೂಣ ಹಾಳಾಗುತ್ತದೆ. 1ರಿಂದ 5 ಡಿಗ್ರಿ ಸೆಲ್ಸಿಯಸ್ ಸಾಕು, ಸುಮಾರು 3 ತಿಂಗಳು.

ಈಗ ನಿಜವಾದ ಪೈಪೋಟಿಗೆ ಬರೋಣ. ಒದ್ದೆ ಟಿಶ್ಯೂವಿನಲ್ಲಿ ಸುತ್ತಿ ಜಿಪ್ ಕವರ್‌ನಲ್ಲಿಡುವುದು ಸುಲಭ. ಬಿಚ್ಚಿದರೆ ಎಲ್ಲಾ ಬೀಜ ಕಣ್ಣೆದುರಿಗೇ ಇರುತ್ತದೆ. ಆದರೆ ಬೂಷ್ಟು ಬೇಗ ಬರುತ್ತದೆ. ಒಂದು ಬೀಜದ ಚೂಪಾದ ತುದಿಯಲ್ಲಿ ಬೆಳ್ಳಗೆ ನೂಲಿನಂತೆ ಕಂಡರೆ, ಮುಂದಿನ ಸಲ ನೋಡುವಷ್ಟರಲ್ಲಿ ಅಕ್ಕಪಕ್ಕದ್ದಕ್ಕೂ ಹಬ್ಬಿರುತ್ತದೆ. ತೊಳೆದು ಟಿಶ್ಯೂ ಬದಲಿಸುತ್ತಲೇ ಇರಬೇಕು. ತಡವಾದರೆ ಬೇರು ಕಾಗದದೊಳಗೆ ನುಗ್ಗಿ, ಬಿಡಿಸುವಾಗ ಮುರಿಯುತ್ತದೆ.

ಒದ್ದೆ ಮರಳಿನಲ್ಲಿ ಈ ಕಾಟ ತುಂಬಾ ಕಡಿಮೆ. ತೊಳೆದ ದಪ್ಪ ಮರಳಾಗಬೇಕು. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈ ಬಿಟ್ಟರೆ ಉಂಡೆ ಹಾಗೇ ನಿಲ್ಲಬೇಕು. ಈ ಹದ ಸಿಕ್ಕರೆ ಡಬ್ಬಿ ಮುಚ್ಚಿಟ್ಟು ನಿಶ್ಚಿಂತೆಯಿಂದ ಇರಬಹುದು. ನನ್ನ ಕೈಯಲ್ಲಿ ಹೆಚ್ಚು ಮೊಳಕೆ ಬಂದಿದ್ದೂ ಇದರಲ್ಲೇ, ಅದೂ ಹೆಚ್ಚುಕಡಿಮೆ ಒಟ್ಟಿಗೇ. ಬೀಜ ಹುಡುಕಲು ಜರಡಿ ಹಿಡಿಯಬೇಕು, ಅದೊಂದೇ ಕೆಲಸ.

ಕಾಯಲು ಆಗದವರು ಜಿಎ ಪುಡಿ, ಅಂದರೆ ಜಿಬ್ಬರೆಲಿಕ್ ಆಮ್ಲದ ಮೊರೆ ಹೋಗುತ್ತಾರೆ. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಒಂದು ದಿನ ನೆನೆಸುವುದು ರೂಢಿ. ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಮೊದಲು ಸ್ವಲ್ಪ ಆಲ್ಕೋಹಾಲ್‌ನಲ್ಲಿ ಕರಗಿಸಿಕೊಳ್ಳಬೇಕು. ಮೊಳಕೆ ಬೇಗ ಬಂತು, ನಿಜ. ಆದರೆ ಸಸಿಗಳು ಉದ್ದಕ್ಕೆ ಬೆಳೆದು ಕಾಂಡ ಸಪೂರವಾಯಿತು, ಆಧಾರ ಕೊಡಬೇಕಾಯಿತು. ನನಗೆ ಇಷ್ಟವಾಗಲಿಲ್ಲ. ಚಳಿಯನ್ನು ಪೂರ್ತಿ ಬಿಡುವ ಬದಲು, ಜಿಎಯಲ್ಲಿ ನೆನೆಸಿ ಕೆಲವು ವಾರ ಮಾತ್ರ ಚಳಿ ಕೊಡುವುದು ಇನ್ನೂ ವಾಸಿ.

ಯಾವ ದಾರಿ ಹಿಡಿದರೂ ಫ್ರಿಡ್ಜ್‌ನಿಂದ ತೆಗೆದ ಮೇಲೆ ಬೆಚ್ಚಗಿನ ಜಾಗ ಬೇಕೇ ಬೇಕು. ಹಗಲು 30, ರಾತ್ರಿ 20 ಡಿಗ್ರಿ ಹೀಗೆ ಏರಿಳಿತವಿದ್ದರೆ, ಒಂದೇ ಸಮನಾದ ಶಾಖಕ್ಕಿಂತ ಚೆನ್ನಾಗಿ ಮೊಳೆಯುತ್ತವೆ. ಮರಳಿನ ಬೀಜಗಳನ್ನು ನಾನು ಅರ್ಧ ಇಂಚು ಆಳಕ್ಕೆ ಊರಿ, ಕುಂಡದ ಮೇಲ್ಮಣ್ಣು ಒಣಗದಂತೆ ನೋಡಿಕೊಳ್ಳುತ್ತೇನೆ.