ಹಳೇ ಜೋಡಿಯೋ, ಹೊಸ ಹುಡುಗನೋ, ಲೀಸ್ ಬೀಟೋ?

ಹತ್ತು ವರ್ಷ ರ‍್ಯಾಪ್ ಮಾಡಿದ ಬನಶಂಕರಿಯ ಗೆಳೆಯ ಮೊನ್ನೆ ಕೇಳಿದ: ಹೊಸ ಆಲ್ಬಂಗೆ ಬೀಟ್ (ರ‍್ಯಾಪ್ ಹಿಂದೆ ಬರೋ ಸಂಗೀತ) ಮಾಡಿಕೊಡೋ ಹಳೇ ಪ್ರೊಡ್ಯೂಸರ್ ಹತ್ರಾನೇ ಹೋಗ್ಲಾ, ಹೊಸ ಹುಡುಗನ್ನ ಹಿಡೀಲಾ, ಇಲ್ಲಾ ನೆಟ್‌ನಲ್ಲಿ ಲೀಸ್‌ಗೆ ಸಿಗೋ ಬೀಟ್ ತಗೊಳ್ಲಾ?

ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಲೀಸ್ ಬೀಟೇ ಸರಿ. ಆದರೆ ಅದೇ ಬೀಟನ್ನು ಇನ್ನೊಬ್ಬರೂ ತಗೊಂಡಿರಬಹುದು. ಒಂದೆರಡು ಸಿಂಗಲ್‌ಗೆ ಪರವಾಗಿಲ್ಲ, ಇಡೀ ಆಲ್ಬಂಗೆ ನನಗಂತೂ ಮನಸ್ಸು ಒಪ್ಪಲ್ಲ.

ಕನ್ನಡದ ಸಾಲು ಕೂರಿಸೋದಕ್ಕೆ ಹಳಬನೇ ವಾಸಿ. ‘ಕೆಟ್ಟ’, ‘ಪಟ್ಟ’ ಅನ್ನುವ ಒತ್ತು ಸ್ನೇರ್ ಡ್ರಮ್ಮಿನ ಏಟಿನ ಮೇಲೇ ಬೀಳಬೇಕು, ಅಲ್ವಾ? ನಮ್ಮ ಪದಗಳೋ ಉದ್ದ. ಗೆಳೆಯ ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೆ ಅಂತ ಆ ಹಳಬನಿಗೆ ಗೊತ್ತು. ಅವರ ರೂಮಿನಲ್ಲಿ ಒಮ್ಮೆ ನೋಡಿದ್ದೆ. ಗೋಡೆಗೆ ಹಾಸಿಗೆ ಒರಗಿಸಿ, ಫ್ಯಾನ್ ಆಫ್ ಮಾಡಿ ರೆಕಾರ್ಡಿಂಗ್. ಇವನು ಎರಡನೇ ಸಾಲಲ್ಲಿ ಎಡವಿದ್ದೇ ತಡ, ಅವನು ಏನೂ ಕೇಳದೆ ಬೀಟಿನ ವೇಗವನ್ನು 94ರಿಂದ 88 ಬಿಪಿಎಂಗೆ (ನಿಮಿಷಕ್ಕೆ ಬೀಳೋ ತಾಳದ ಏಟು) ಇಳಿಸಿದ.

ಹಾಗಂತ ಹೊಸಬ ಬೇಡ ಅಂತಲ್ಲ. ಅಮೆರಿಕದ ರ‍್ಯಾಪರ್ ನಾಸ್‌ನನ್ನೇ ನೋಡಿ. 2020ರಿಂದ 2023ರೊಳಗೆ ಪ್ರೊಡ್ಯೂಸರ್ ಹಿಟ್-ಬಾಯ್ ಜೊತೆ ಆರು ಆಲ್ಬಂ ತಂದ, ಮೊದಲನೆಯದಕ್ಕೇ ಗ್ರ್ಯಾಮಿ. ಆಮೇಲೆ 2025ರಲ್ಲಿ ಡಿಜೆ ಪ್ರೀಮಿಯರ್ ಜೊತೆ ಪೂರ್ತಿ ಆಲ್ಬಂ ಮಾಡಿದ. 1994ರ ಚೊಚ್ಚಲ ಆಲ್ಬಂನಲ್ಲೇ ಅವನಿಗೆ ಬೀಟ್ ಕೊಟ್ಟಿದ್ದವನು ಪ್ರೀಮಿಯರ್. ಸೌಂಡ್ ಬದಲಾಗಬೇಕು ಅಂದರೆ ಹೊಸಬ; ಹಳೇ ಕೇಳುಗರು ಕಾಯ್ತಿದ್ದರೆ ಹಳಬ.

ಯಾರೇ ಆಗಲಿ, ರಾಯಲ್ಟಿ ಪಾಲು ಎಷ್ಟು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ‘ನಮ್ಮವನೇ ಅಲ್ವಾ’ ಅಂತ ಸುಮ್ನೆ ಬಿಡೋದು ಹಳಬರ ಹತ್ರಾನೇ ಜಾಸ್ತಿ.