ಟೆರೇಸ್ ತೋಟಕ್ಕೆ ಅಳಿಲು ಕಾಟ: ಮೆಣಸಿನ ನೀರು, ನೈಲಾನ್ ಬಲೆ, ಜಿಐ ಮೆಶ್, ಚೀಲ, ಎಲ್ಲಾ ಮಾಡಿ ನೋಡಿದ್ದು

ನಮ್ಮದು ಬೆಂಗಳೂರಿನ ಬನಶಂಕರಿ, ಪಕ್ಕದ ಮನೆ ತೆಂಗಿನ ಗರಿ ನಮ್ಮ ಪ್ಯಾರಪೆಟ್‌ಗೆ ತಾಗುತ್ತೆ, ಅಳಿಲಿಗೆ ಅದೇ ದಾರಿ. ಗ್ರೋ ಬ್ಯಾಗಲ್ಲಿ ಅರ್ಕಾ ರಕ್ಷಕ್ ಟೊಮ್ಯಾಟೊ ಹಾಕಿದ್ದೆ, ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ತಳಿ, ರೋಗ ಜಾಸ್ತಿ ಬರಲ್ಲ. ಆದ್ರೆ ಹಣ್ಣು ಕೆಂಪಗಾಗೋಕೆ ಬಿಡಬೇಕಲ್ಲ! ಬೆಳಗ್ಗೆ ಹೋಗಿ ನೋಡಿದ್ರೆ ಒಂದು ಪಕ್ಕ ಕೊರೆದು ಬೀಜ, ರಸ ಎಲ್ಲಾ ತಿಂದು, ಉಳಿದ ಸಿಪ್ಪೆ ಗಿಡದಲ್ಲೇ ನೇತಾಡ್ತಿರೋದು, ಅಂಚಲ್ಲಿ ಸಣ್ಣ ಉಳೀಲಿ ಕೆತ್ತಿದ ಹಾಗೆ ಜೋಡಿ ಹಲ್ಲಿನ ಗುರುತು.

ಮೊದಲು ಮೆಣಸಿನ ನೀರು, ಖರ್ಚೇ ಇಲ್ಲ ಅಂತ. ಖಾರ ಅಳಿಲಿಗೆ ಉರಿಯುತ್ತೆ ನಿಜ, ಎರಡು ದಿನ ಹತ್ತಿರ ಬರ್ಲಿಲ್ಲ, ಆದ್ರೆ ಒಂದು ಮಳೆ ಬಂದ್ರೆ ಎಲ್ಲಾ ತೊಳೆದು ಹೋಯ್ತು, ನಮ್ಮೂರಲ್ಲಿ ಮೇ ತಿಂಗಳಿಂದ ಅಕ್ಟೋಬರ್ ತನಕ ಇದನ್ನ ನಂಬ್ಕೊಂಡು ಕೂತ್ಕೊಳೋಕಾಗಲ್ಲ. ಗಿಳಿಗಂತೂ ಖಾರ ಗೊತ್ತೇ ಆಗಲ್ಲ, ಹಕ್ಕಿಗಳಿಗೆ ಉರಿ ತಟ್ಟಲ್ಲ. ಹೊಳಪಿಗೆ ಹೆದರಲಿ ಅಂತ ಹಳೇ ಸಿಡಿ ಕಟ್ಟಿದ್ದೂ ಮೂರೇ ದಿನ ಕೆಲಸ ಮಾಡ್ತು.

ಆಮೇಲೆ ನೈಲಾನ್ ಬಲೆ. ಅಗ್ಗ, ಹಗುರ, ಒಬ್ರೇ ಕಟ್ಟಬಹುದು. ಒಂದು ವಾರಕ್ಕೆ ಕೆಳಗಡೆ ಮೂಲೆಯಲ್ಲಿ ಕಚ್ಚಿ ತೂತು ಮಾಡಿತ್ತು. ಅದಾದ್ರೂ ತಡ್ಕೋಬಹುದಿತ್ತು, ಒಂದಿನ ಮಧ್ಯಾಹ್ನ ಮರಿ ಅಳಿಲೊಂದರ ಹಿಂಗಾಲು ದಾರಕ್ಕೆ ಸುತ್ಕೊಂಡು ಎಳೆದಷ್ಟೂ ಬಿಗಿಯಾಗಿ ಕಿರುಚ್ತಾ ಇತ್ತು, ನಾನು ದಪ್ಪ ಟವಲ್ಲಲ್ಲಿ ಹಿಡ್ಕೊಂಡೆ, ನನ್ನ ಹೆಂಡ್ತಿ ಉಗುರು ಕತ್ತರೀಲಿ ಒಂದೊಂದೇ ಎಳೆ ಕತ್ತರಿಸಿದ್ಲು, ಕೈಯೊಳಗೆ ಅದರ ಎದೆ ಡವಡವ ಅಂತಿದ್ದದ್ದು ಇನ್ನೂ ನೆನಪಿದೆ. "ರಾಮನ ಬೆರಳು ತಾಕಿರೋ ಮೈ ಕಣೋ ಅದು" ಅಂತ ಅಮ್ಮ ಅವತ್ತು ಊಟಾನೇ ಮಾಡ್ಲಿಲ್ಲ. ಬಲೆ ಅವತ್ತೇ ಬಿಚ್ಚಿಬಿಟ್ಟೆ, ಅದನ್ನ ಕಟ್ಟಿ ಅಂತ ಯಾರಿಗೂ ಹೇಳಲ್ಲ. ಇಲಿ ಪಾಷಾಣ, ಗಮ್ ಪ್ಯಾಡ್ (ಕಾಲು ಅಂಟ್ಕೊಳೋ ಅಂಟು ಹಲಗೆ) ಮಾತಂತೂ ಬೇಡ್ವೇ ಬೇಡ, ಬೆಕ್ಕು ಕಾಗೆಗೂ ಕುತ್ತು.

ಈಗಿರೋದು ಅರ್ಧ ಇಂಚಿನ ಜಿಐ ವೆಲ್ಡೆಡ್ ಮೆಶ್, ಅಂದ್ರೆ ಸತು ಲೇಪದ ಕಬ್ಬಿಣದ ತಂತಿ ಬೆಸೆದು ಮಾಡಿದ, ಅರ್ಧ ಇಂಚು ಕಣ್ಣಿನ ಜಾಲರಿ, ಕಬ್ಬಿಣದ ಆಂಗಲ್ ಫ್ರೇಮಿಗೆ ಬಿಗಿದು ಬಾಗಿಲು ಇಟ್ಟಿದ್ದು. ದುಡ್ಡು ಜಾಸ್ತಿನೇ, ವೆಲ್ಡರ್ ಕೂಲಿ ಬೇರೆ. ಆದ್ರೆ ಹಲ್ಲಿಗೆ ಬಗ್ಗಲ್ಲ, ಕಾಲು ಸಿಕ್ಕಾಕೊಳಲ್ಲ, ಜೇನುಹುಳ ತೂರ್ಕೊಂಡು ಬರುತ್ತೆ, ಇದು ಮುಖ್ಯ ಯಾಕಂದ್ರೆ ಸೌತೆ, ಹೀರೆಗೆ ಹುಳ ಬರದಿದ್ರೆ ಕಾಯೇ ಕಚ್ಚಲ್ಲ. ಸೊಳ್ಳೆ ಪರದೆ ಸುತ್ತಿದವರು ಹೂ ಉದುರುತ್ತೆ ಅಂತ ಗೋಳಾಡೋದು ಇದಕ್ಕೇ. ಒಂದಿಂಚಿನ ಕೋಳಿ ಜಾಲರಿ ತಗೋಬೇಡಿ, ಮರಿಗಳು ನುಸುಳ್ತವೆ. ಬುಡದಲ್ಲಿ ಸಂದು ಬಿಡಬೇಡಿ.

ಬಾಡಿಗೆ ಮನೆ, ನಾಲ್ಕೈದೇ ಗಿಡ ಅಂದ್ರೆ ಚೀಲಾನೇ ಸಾಕು, ಮದುವೆ ಮನೇಲಿ ಗಿಫ್ಟ್ ಹಾಕಿಕೊಡೋ ತೆಳು ನೆಟ್ ಬಟ್ಟೆ ಚೀಲ. ಹೂವಿಗೆ ಹಾಕ್ಬೇಡಿ, ಕಾಯಿ ಗೋಲಿ ಗಾತ್ರ ಆದ್ಮೇಲೆ ಗೊಂಚಲಿಗೆ ಕಟ್ಟಿ. ಹಟ ಹಿಡಿದ ಅಳಿಲು ಅದನ್ನೂ ಹರಿಯುತ್ತೆ, ನನಗೆ ಹತ್ತರಲ್ಲಿ ಎರಡು ಹೋಯ್ತು. ಅದಕ್ಕೇ ಟೊಮ್ಯಾಟೊ ತುದೀಲಿ ಸ್ವಲ್ಪ ಬಣ್ಣ ತಿರುಗಿದ ತಕ್ಷಣ ಕಿತ್ತು ಒಳಗೆ ಪೇಪರ್ ಮೇಲೆ ಇಡ್ತೀನಿ, ಅಲ್ಲೇ ಚೆನ್ನಾಗಿ ಹಣ್ಣಾಗುತ್ತೆ.

ಮಾರ್ಚಲ್ಲಿ ಮೆಶ್ ಹೊರಗಡೆ ಒಂದು ಮಣ್ಣಿನ ಬಟ್ಟಲಲ್ಲಿ ನೀರು ಇಡೋದು ಅಮ್ಮನ ಕೆಲಸ. ಮಧ್ಯಾಹ್ನ ಎರಡು ಅಳಿಲು ಬಂದು ಅಂಚಲ್ಲಿ ಕೂತು ಕುಡೀತವೆ, ಒಂದು ಸ್ವಲ್ಪ ಕುಂಟುತ್ತೆ.