ಟೋನ್ ಆದ ಬೆಳ್ಳಿ ರೂಪಾಯಿಗೆ 90 ಎಂಎಂ ಮ್ಯಾಕ್ರೋ ಲೆನ್ಸ್: ಕೆಲವು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಟೋನ್ ಆದ, ಅಂದರೆ ಕಾಲ ಕಳೆದಂತೆ ಮೇಲೆ ಬಣ್ಣ ಹಿಡಿದ ಬೆಳ್ಳಿ ನಾಣ್ಯಗಳ ಫೋಟೋ ತೆಗೆಯಲು ಈ ಲೆನ್ಸ್ ಚೆನ್ನಾಗಿದೆ. ಆದರೆ ಎಲ್ಲರೂ ಅಂದುಕೊಳ್ಳುವ ಕಾರಣಕ್ಕಲ್ಲ. ಮ್ಯಾಕ್ರೋ ಲೆನ್ಸ್ (ಸಣ್ಣ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಅಂದ ಕೂಡಲೇ "ಎಷ್ಟು ಶಾರ್ಪ್ ಇದೆ?" ಅಂತಲೇ ಕೇಳುತ್ತಾರೆ. ನಾಣ್ಯಕ್ಕೆ ಬೇಕಾದಷ್ಟು ಶಾರ್ಪ್ ಹೆಚ್ಚುಕಡಿಮೆ ಎಲ್ಲ ಮ್ಯಾಕ್ರೋ ಲೆನ್ಸ್‌ಗಳೂ ಇರುತ್ತವೆ. ನಾನು ರೊಕ್ಕ ಕೊಟ್ಟಿದ್ದು ನಾಣ್ಯಕ್ಕೂ ಲೆನ್ಸಿಗೂ ನಡುವೆ ಸಿಗುವ ಜಾಗಕ್ಕೆ. ಆ ಜಾಗದಲ್ಲೇ ದೀಪ ಇಡಬೇಕು. ದೀಪ ಸರಿಯಾದ ಕಡೆ ಇದ್ದರೆ ಮಾತ್ರ ಬಣ್ಣ ಬರುತ್ತದೆ.

ನಾನಿರುವುದು ಹುಬ್ಬಳ್ಳಿಯಲ್ಲಿ. ಲೆನ್ಸ್ ಸೆಕೆಂಡ್ ಹ್ಯಾಂಡ್, ಕ್ಯಾಮೆರಾ ಎಪಿಎಸ್-ಸಿ ಸೆನ್ಸರಿನ (ಚಿತ್ರ ಹಿಡಿಯುವ ಚಿಪ್ ಸ್ವಲ್ಪ ಚಿಕ್ಕದಿರುವ) ಹಳೇ ಡಿಎಸ್‌ಎಲ್‌ಆರ್. ಸ್ಟ್ಯಾಂಡ್ ಅಂತೂ ಗುಜರಿಯಲ್ಲಿ ಸಿಕ್ಕಿದ್ದು, ಫಿಲ್ಮ್ ಕಾಲದ ಯಾವುದೋ ಸ್ಟುಡಿಯೋದ ಎನ್‌ಲಾರ್ಜರ್ ಕಂಬ. ಭಾರವಾಗಿದೆ, ಅಲುಗಾಡುವುದಿಲ್ಲ. ಹೊಸ ಕಾಪಿ ಸ್ಟ್ಯಾಂಡ್ (ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿದು ನಿಲ್ಲಿಸುವ ಕಂಬ) ಕೊಳ್ಳುವ ಮೊದಲು ಗುಜರಿ ಅಂಗಡಿ ಒಮ್ಮೆ ನೋಡಿ ಬನ್ನಿ. ಲೆನ್ಸ್ ಕಂಪನಿ ಹೆಸರು ಬರೆಯುತ್ತಿಲ್ಲ. 90ರಿಂದ 105 ಎಂಎಂ ಒಳಗೆ ಯಾವುದನ್ನು ತಗೊಂಡರೂ ಈ ಕೆಲಸದಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ.

ಫೋಟೋ ತೆಗೆಯುವುದು ಜಾಸ್ತಿ ಬ್ರಿಟಿಷ್ ಕಾಲದ ರೂಪಾಯಿಗಳದ್ದೇ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್. 11.66 ಗ್ರಾಂ ತೂಕ, 30.5 ಮಿ.ಮೀ. ಅಗಲ, ನೂರಕ್ಕೆ 91.7 ಭಾಗ ಬೆಳ್ಳಿ. ಇವು ಹಳೇ ಕಾಗದದ ಪೊಟ್ಟಣದಲ್ಲೋ ಆಲ್ಬಮ್‌ನಲ್ಲೋ ದಶಕಗಟ್ಟಲೆ ಬಿದ್ದಿದ್ದಾಗ ಕಾಗದದಲ್ಲಿರುವ, ಗಾಳಿಯಲ್ಲಿರುವ ಗಂಧಕ ತಗುಲಿ ಮೇಲೆ ಬೆಳ್ಳಿ ಸಲ್ಫೈಡಿನ ತೆಳು ಪದರ ಕೂರುತ್ತದೆ. ಪದರದ ಮೇಲಿಂದ ಒಂದು ಬೆಳಕು, ತಳದಿಂದ ಒಂದು ಬೆಳಕು ವಾಪಸ್ ಬಂದು ಒಂದಕ್ಕೊಂದು ಬೆರೆಯುತ್ತವೆ. ಸೋಪಿನ ಗುಳ್ಳೆ ಮೇಲೆ ಬಣ್ಣ ಆಡುವುದೂ ಹೀಗೇ. ಪದರ ತೆಳು ಇದ್ದರೆ ಹಳದಿ, ದಪ್ಪ ಆಗುತ್ತಾ ಹೋದಂತೆ ಕೆಂಪು, ನೇರಳೆ, ನೀಲಿ. ಬೆಳೆಯುತ್ತಲೇ ಹೋದರೆ ಕೊನೆಗೆ ಬರೀ ಕಪ್ಪು.

ದಾಜಿಬಾನಪೇಟೆಯ ಬೆಳ್ಳಿ ಅಂಗಡಿಯೊಂದರಲ್ಲಿ ಇಂಥದ್ದೇ ಒಂದನ್ನು ತೋರಿಸಿದಾಗ ಹಿರಿಯರೊಬ್ಬರು, "ಹುಣಸೀಹಣ್ಣು ಹಚ್ಚಿ ತಿಕ್ರಿ, ಫಳಫಳ ಹೊಳೀತೈತಿ" ಅಂದರು. ದೇವರ ಮನೆಯ ಬೆಳ್ಳಿ ದೀಪಕ್ಕೆ ಅದು ಸರಿ. ಸಂಗ್ರಹದ ನಾಣ್ಯಕ್ಕೆ ಮಾತ್ರ ಬೇಡವೇ ಬೇಡ. ತಿಕ್ಕಿದರೆ ಬಣ್ಣದ ಜೊತೆ ಬೆಲೆಯೂ ಹೋಗುತ್ತದೆ.

ಈಗ ಲೆನ್ಸಿಗೆ ಬರೋಣ. ಟೋನ್ ಬಣ್ಣ ಕಾಣುವುದು ಬೆಳಕು ಕನ್ನಡಿಯಿಂದ ಹೊಡೆದಂತೆ ನೇರ ಕಣ್ಣಿಗೆ ಬಂದಾಗ. ಅದಕ್ಕೇ ನಾವು ನಾಣ್ಯವನ್ನು ಬಲ್ಬಿನ ಕೆಳಗೆ ಹಿಡಿದು ಓರೆ ಮಾಡಿ ನೋಡುವುದು. ಕ್ಯಾಮೆರಾ ಓರೆ ಮಾಡಿ ನೋಡುವುದಿಲ್ಲ, ನೆಟ್ಟಗೆ ಮೇಲಿಂದ ನೋಡುತ್ತದೆ. ಹಾಗಾಗಿ ಬೆಳಕೂ ಆದಷ್ಟು ಮೇಲಿಂದಲೇ ಬರಬೇಕು. ಮೊಬೈಲ್ ಸೋಲುವುದು ಇಲ್ಲಿ. ನಾಣ್ಯದ ಹತ್ತಿರ ಹೋದರೆ ಅದರ ನೆರಳೇ ನಾಣ್ಯದ ಮೇಲೆ ಬೀಳುತ್ತದೆ, ದೀಪ ಪಕ್ಕಕ್ಕೆ ಸರಿಯುತ್ತದೆ, ಬಣ್ಣ ಹೋಗಿ ಬೂದು ಉಳಿಯುತ್ತದೆ. ನನ್ನ ಸೆನ್ಸರ್ ಎತ್ತರ ಸುಮಾರು 15 ಮಿ.ಮೀ. ಅಂದರೆ ರೂಪಾಯಿ ಪೂರ್ತಿ ಬರಲು ಸೆನ್ಸರ್ ಮೇಲೆ ಅದರ ಚಿತ್ರ ನಿಜ ಗಾತ್ರದ ಅರ್ಧಕ್ಕಿಂತ ತುಸು ಕಡಿಮೆ ಇದ್ದರೆ ಸಾಕು, 1:1 (ಪೂರ್ತಿ ನಿಜ ಗಾತ್ರ) ಬೇಕಾಗಿಯೇ ಇಲ್ಲ. ಅಷ್ಟಕ್ಕೆ ಈ ಲೆನ್ಸ್ ನಾಣ್ಯದಿಂದ ಹೆಚ್ಚುಕಡಿಮೆ ಒಂದು ಗೇಣು ದೂರ ನಿಲ್ಲುತ್ತದೆ. ಎರಡು ಚಿಕ್ಕ ಎಲ್‌ಇಡಿ ದೀಪಗಳನ್ನು ಲೆನ್ಸಿಗೆ ತಾಗುವಷ್ಟು ಹತ್ತಿರ, ಗಡಿಯಾರದ ಹತ್ತು ಮತ್ತು ಎರಡರ ಜಾಗದಲ್ಲಿ ಇಡುತ್ತೇನೆ.

ಲಸ್ಟರ್, ಅಂದರೆ ಟಂಕಸಾಲೆಯಿಂದಲೇ ಬಂದ ಹೊಳಪು, ಹೀಗೇ ಬರುತ್ತದೆ. ಅಚ್ಚು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆ ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಳಿದಿರುತ್ತವೆ. ಬೆಳಕು ಆ ಗೆರೆಗಳಿಗೆ ಹೊಡೆದು ನಾಣ್ಯ ತಿರುಗಿಸಿದಾಗ ಚಕ್ರದ ಕಡ್ಡಿಗಳಂತೆ ಸುತ್ತುತ್ತದೆ. ದೀಪಕ್ಕೆ ಬಟರ್ ಪೇಪರ್ ಸುತ್ತಿ ಅಂತ ಸಲಹೆ ಕೊಡುವವರು ಬಹಳ. ಸುತ್ತಿದರೆ ಬೆಳಕು ಮೆತ್ತಗಾಗುತ್ತದೆ, ನಿಜ. ಹೊಳಪೂ ಸತ್ತುಹೋಗುತ್ತದೆ.

ಬಣ್ಣ ತುಂಬಾ ಹಟಮಾರಿ ಆಗಿದ್ದರೆ ಗಾಜಿನ ಉಪಾಯ. ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ ತೆಳು ಗಾಜಿನ ತುಂಡು ಕತ್ತರಿಸಿ ಕೊಡುತ್ತಾರೆ. ಅದನ್ನು ಲೆನ್ಸ್ ಮತ್ತು ನಾಣ್ಯದ ನಡುವೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ ಪಕ್ಕದಿಂದ ದೀಪ ಬಿಡಿ. ಬೆಳಕು ಗಾಜಿಗೆ ಹೊಡೆದು ನೇರ ಕೆಳಗಿಳಿಯುತ್ತದೆ, ಕ್ಯಾಮೆರಾ ಅದೇ ಗಾಜಿನ ಮೂಲಕ ನೋಡುತ್ತದೆ. ದಪ್ಪ ಗಾಜು ಬೇಡ, ಚಿತ್ರ ಮಂಕಾಗುತ್ತದೆ. ಒಂದು ಗೇಣು ಜಾಗ ಇಲ್ಲದಿದ್ದರೆ ಇದನ್ನು ಮಾಡುವುದು ಕಷ್ಟ ಅಲ್ವಾ?

ನನ್ನ ಹತ್ತಿರ 1911ರ ಒಂದು ರೂಪಾಯಿ ಇದೆ. ಸಂಗ್ರಹಕಾರರು ಹಂದಿ ರೂಪಾಯಿ ಅನ್ನುವುದು ಇದಕ್ಕೇ. ರಾಜನ ನಿಲುವಂಗಿ ಮೇಲಿನ ಆನೆಯ ಸೊಂಡಿಲು ಮೋಟಾಗಿ ಹಂದಿ ತರಹ ಕಾಣುತ್ತದೆ ಅಂತ ಗದ್ದಲವಾಗಿ 1912ರಲ್ಲಿ ಅಚ್ಚು ತಿದ್ದಿದರು. ಎರಡು ದೀಪದಲ್ಲಿ ತೆಗೆದರೆ ಆ ಆನೆ ಒಂದೊಂದು ಗೆರೆಯೂ ಬಿಡಿಸಿದಂತೆ ಬರುತ್ತದೆ, ಆದರೆ ನಾಣ್ಯ ಪೂರ್ತಿ ಬೂದು. ಗಾಜು ಇಟ್ಟು ತೆಗೆದರೆ ಅಂಚಿನಲ್ಲಿ ನವಿಲುನೀಲಿ, ಅದರೊಳಗೆ ಬದನೆಕಾಯಿ ಬಣ್ಣ, ರಾಜನ ಕೆನ್ನೆ ಮೇಲೆ ತೆಳು ಹಳದಿ. ಆನೆ ಮಾತ್ರ ಚಪ್ಪಟೆ. ಮಾರುವುದಿದ್ದರೆ ಎರಡೂ ಫೋಟೋ ಹಾಕಿ. ಬರೀ ಗಾಜಿನ ಫೋಟೋ ನೋಡಿ ಕೊಂಡವರು ನಾಣ್ಯ ಕೈಗೆ ಬಂದಾಗ ಬೈಯುತ್ತಾರೆ, ಬೈಯಬೇಕು ಕೂಡ. ಸ್ಯಾಚುರೇಶನ್ (ಬಣ್ಣದ ಗಾಢತೆ) ಎಳೆದು ನಾಣ್ಯವನ್ನು ಹೋಳಿ ಹುಣ್ಣಿಮೆ ಮಾಡುವವರ ಬಗ್ಗೆ ಹೇಳುವುದೇ ಬೇಡ.

ಬಣ್ಣ ನಿಜಕ್ಕೆ ಹತ್ತಿರ ಬರಬೇಕಾದರೆ ಕಿಟಕಿ ಮುಚ್ಚಿ. ಹಗಲು ಬೆಳಕು, ದೀಪದ ಬೆಳಕು ಎರಡೂ ಬಿದ್ದರೆ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗೇ ತೋರಿಸುವ ಕ್ಯಾಮೆರಾದ ಲೆಕ್ಕ) ಹಾಳು. ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಬಳಸುವ ಬೂದು ಕಾರ್ಡು) ಇಟ್ಟು ಅದನ್ನು ಕಸ್ಟಮ್ ಸೆಟ್ ಮಾಡಿಕೊಳ್ಳಿ. ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ) 95ಕ್ಕಿಂತ ಮೇಲಿನ ದೀಪ ತಗೊಳ್ಳಿ, ಅಗ್ಗದ ಎಲ್‌ಇಡಿಯಲ್ಲಿ ಕೆಂಪು ಸಾಯುತ್ತದೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್8 ಸಾಕು. ಕಿಂಡಿ ಕಿರಿದು ಮಾಡಿ ಎಫ್16ಕ್ಕೆ ಹೋದರೆ ಸಣ್ಣ ಗೆರೆಗಳು ಮಂಕಾಗುತ್ತವೆ. ಬೆರಳು ತಾಗಿ ಕ್ಯಾಮೆರಾ ಅಲುಗದಂತೆ ಸೆಲ್ಫ್ ಟೈಮರ್ ಹಾಕಿ.

ಲೆನ್ಸಿನ ದೂರುಗಳೂ ಇವೆ. ಹತ್ತಿರದ ಫೋಕಸಿಗೆ ಮೂತಿ ಮುಂದಕ್ಕೆ ಚಾಚುತ್ತದೆ, ಇರುವ ಜಾಗದಲ್ಲೇ ಒಂದಿಷ್ಟನ್ನು ತಿನ್ನುತ್ತದೆ. ಮೂತಿ ಚಾಚದ ಹೊಸ ಮಾಡೆಲ್‌ಗಳಿವೆ, ದುಬಾರಿ. ಆಟೋಫೋಕಸ್ ಗರಗರ ಅನ್ನುತ್ತಾ ಹುಡುಕಾಡುತ್ತದೆ. ನಾನು ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂದಿನ ಪರದೆಯಲ್ಲಿ) ದೊಡ್ಡದು ಮಾಡಿ ಕೈಯಲ್ಲೇ ಫೋಕಸ್ ಮಾಡುವುದರಿಂದ ಅದರ ತೊಂದರೆ ಇಲ್ಲ. ಮಕ್ಕಳ ಫೋಟೋಗೂ ಇದೇ ಲೆನ್ಸ್ ಅಂತ ಲೆಕ್ಕ ಹಾಕಿದ್ದರೆ ಬೇಜಾರಾಗುತ್ತೀರಿ.

ನೀವು ತಾಮ್ರ ಸಂಗ್ರಹಿಸುವವರಾದರೆ ಇಷ್ಟೆಲ್ಲ ಬೇಕಿಲ್ಲ. ಟಿಪ್ಪು ಕಾಲದಲ್ಲಿ ನಮ್ಮ ಧಾರವಾಡದಲ್ಲೇ ಟಂಕಸಾಲೆ ಇತ್ತು, ಖುರ್ಷೇದ್ ಸವಾದ್ ಅಂತ ಅದರ ಹೆಸರು. ಟಿಪ್ಪು ಕಾಲದ ತಾಮ್ರದ ಆನೆ ಪೈಸೆಗಳು ಸವೆದು ಕಂದಾಗಿರುತ್ತವೆ. ಅವಕ್ಕೆ ದೀಪ ಕೆಳಗಿಳಿಸಿ ಪಕ್ಕದಿಂದ ಬಿಟ್ಟರೆ ಉಬ್ಬು ಎದ್ದು ಕಾಣುತ್ತದೆ, ಕಿಟ್ ಲೆನ್ಸ್‌ಗೆ (ಕ್ಯಾಮೆರಾ ಜೊತೆ ಬರುವ ಲೆನ್ಸ್) ಎಕ್ಸ್‌ಟೆನ್ಷನ್ ಟ್ಯೂಬ್ (ಹತ್ತಿರದ ಫೋಕಸಿಗೆ ಲೆನ್ಸ್ ಹಿಂದೆ ಹಾಕುವ ಕೊಳವೆ) ಹಾಕಿದರೂ ನಡೆಯುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಎಳೆ ಇದೆಯಾ ನೋಡಿ. ಅದು ಫಂಗಸ್. ಧಾರವಾಡದ ಕಡೆ ಮಳೆ ಹಿಡಿದರೆ ತೇವ ಬೇಗ ಆರುವುದಿಲ್ಲ, ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನಾಣ್ಯಗಳಿಗೂ ಅಂಥದ್ದೇ ಒಂದು ಡಬ್ಬಿ ಬೇಕು, ಆದರೆ ಪಿವಿಸಿ ಪ್ಲಾಸ್ಟಿಕ್ ಕವರ್‌ನಲ್ಲಿ ಮಾತ್ರ ಹಾಕಬೇಡಿ. ಹಸಿರು ಜಿಗುಟು ಕೂರುತ್ತದೆ.